ಅಡಕೆಗಿಂತ ಸಿಪ್ಪೆ ಜಾಸ್ತಿ

ಅಪ್ಪಯ್ಯಂಗೆ ಮಂಡಿನೋವು ಶುರುವಾಗಿ ಎರಡು ಮಳೆಗಾಲ ಆಯ್ತು. ತೋಟ ಇರೋದು ಕೆಳಗೆ ಕಣಿವೇಲಿ, ಮನೆ ಮೇಲೆ, ದಿನಕ್ಕೆ ಎರಡು ಸಲ ಇಳಿದು ಹತ್ತಿದ್ರೆ ಯಾರ ಮಂಡಿ ತಾನೇ ಸುಮ್ನಿರ್ತದೆ. ಹಿಂಗಿರುವಾಗ ಒಂದಿನ ಮೊಬೈಲಲ್ಲಿ ಜಾಹೀರಾತು ಬಂತು, ಬಿಳಿ ಮೀಸೆ ಅಜ್ಜ ಒಬ್ಬ ದೇವಸ್ಥಾನದ ಮೆಟ್ಟಿಲನ್ನ ಎರಡೆರಡೇ ದಾಟ್ಕೊಂಡು ಹತ್ತಿ ಹೋಗ್ತಾನೆ, ಕೆಳಗೆ "ಒಂದೇ ತಿಂಗಳಲ್ಲಿ ಮಂಡಿನೋವಿಗೆ ಗುಡ್‌ಬೈ". ಇಂಥದ್ದನ್ನೆಲ್ಲ ನಂಬೋರನ್ನ ಕಂಡು ನಗಾಡೋನು ನಾನು, ಆದ್ರೂ ರಾತ್ರಿ ಹನ್ನೊಂದೂವರೆ ಮೇಲಿನ ಬುದ್ಧಿನೇ ಬೇರೆ, 1,499 ರೂಪಾಯಿ ಕಟ್ಟೇಬಿಟ್ಟೆ.

ಕೊರಿಯರ್‌ನವರು ನಮ್ಮೂರಿಗೆ ಬರೋದಿಲ್ಲ, ಶಿರಸಿಗೇ ಬಂದು ತಗೊಂಡ್ಹೋಗಿ ಅಂದ್ರು. ಹೋಗಿ ನೋಡಿದ್ರೆ ಇಷ್ಟು ದೊಡ್ಡ ಬಾಕ್ಸು! ಬೈಕಿನ ಟ್ಯಾಂಕ್ ಮೇಲೆ ಇಟ್ಕೊಂಡು ಬರುವಾಗ ದಾರೀಲಿ ಇಬ್ಬರು "ಹೊಸಾ ಮಿಕ್ಸರ್ ತಗಂಡ್ಯ?" ಅಂತ ಕೇಳಿದ್ರು. ಹೌದು ಅಂದೆ. ಮಾತ್ರೆ ಅಂದಿದ್ರೆ ಸಂಜೆಯೊಳಗೆ ಅರ್ಧ ಊರು ಅಪ್ಪಯ್ಯನ್ನ ನೋಡೋಕೆ ಬಂದು ಚಾ ಕುಡಿದು ಹೋಗ್ತಿತ್ತು.

ಜಗಲಿ ಮೇಲೆ ಕೂತು ಬಿಚ್ಚಿದ್ವಿ. ರಟ್ಟಿನ ಪೆಟ್ಟಿಗೆ, ಅದರೊಳಗೆ ಗಾಳಿ ತುಂಬಿದ ಪ್ಲಾಸ್ಟಿಕ್ಕು, ಅದರೊಳಗೆ ಬಂಗಾರದ ಬಣ್ಣದ ಇನ್ನೊಂದು ಪೆಟ್ಟಿಗೆ, ಅದರೊಳಗೆ ಥರ್ಮಾಕೋಲು, ಥರ್ಮಾಕೋಲಿನ ಮಧ್ಯ ಗರ್ಭಗುಡೀಲಿ ಕೂರಿಸಿದ ಹಂಗೆ ಒಂದು ಜಾಡಿ. ಮುಚ್ಚಳ ತಿರುಗಿಸಿದ್ರೆ ಬೆಳ್ಳಿ ಸೀಲು, ಅದನ್ನ ಹರಿದ್ರೆ ಹತ್ತಿ, ಹತ್ತಿ ಎಳೆದ್ರೆ ಒಂದು ಸಣ್ಣ ಪೊಟ್ಣ, ಅದೂ ತೆಗೆದ ಮೇಲೆ ಜಾಡಿಯ ತಳದಲ್ಲಿ 30 ಮಾತ್ರೆ. ಅಪ್ಪಯ್ಯ ಬಗ್ಗಿ ನೋಡಿ ಹೇಳಿದ, "ತಮಾ, ಅಡಕೆ ಸುಲಿದ್ರೂ ಇಷ್ಟು ಸಿಪ್ಪೆ ಬತ್ತಿಲ್ಲೆ."

ದಿನಕ್ಕೆ ಎರಡು ಅಂತ ಬರೆದಿತ್ತು. ಅಂದ್ರೆ 15 ದಿನಕ್ಕೆ ಜಾಡಿ ಖಾಲಿ, ಆದ್ರೆ ಗುಡ್‌ಬೈ ಹೇಳೋಕೆ ಒಂದು ತಿಂಗಳು ಬೇಕು. ಲೆಕ್ಕ ಹಾಕ್ತಾ ಕೂತಿದ್ದೆ, ಅಷ್ಟ್ರಲ್ಲಿ ಅಪ್ಪಯ್ಯ ಆ ಸಣ್ಣ ಪೊಟ್ಣ ಹರಿದು ಲೋಟದ ನೀರಿಗೆ ಸುರೀತಾ ಇದ್ದ, ಕದಡಿ ಕುಡಿಯೋ ಪುಡಿ ಅಂದ್ಕೊಂಡು. ಸಿಲಿಕಾ ಜೆಲ್! ಮಾತ್ರೆಗೆ ತೇವ ತಾಗ್ಬಾರ್ದು ಅಂತ ಇಡೋದು. ತಿನ್ಬೇಡಿ ಅಂತ ಇಂಗ್ಲಿಷಲ್ಲಿ ಬರೆದಿದ್ದಾರೆ, ನಮ್ಮಪ್ಪಯ್ಯ ಓದೋದು ಪಂಚಾಂಗ.

ಆಮೇಲೆ ನನಗೂ ಭಯ ಆಗಿ ಪಂಚಾಂಗ ನೋಡೋ ಭೂತಗನ್ನಡಿ ತಂದು ಜಾಡಿ ಸುತ್ತ ಓದಿದೆ. ಅಜ್ಜನ ಫೋಟೋ ಅಂಗೈ ಅಗಲ, ಅದರ ಕೆಳಗೆ ಇರುವೆ ಸಾಲಿನಷ್ಟು ಸಣ್ಣಕೆ "ನಾಟ್ ಫಾರ್ ಮೆಡಿಸಿನಲ್ ಯೂಸ್". ಔಷಧಿಗಲ್ಲವಂತೆ! ವಿಷಯ ಎಂತ ಅಂದ್ರೆ, 1954ರದ್ದು ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಅಂತ ಒಂದು ಕಾಯ್ದೆ ಇದೆ, ಸಕ್ಕರೆ ಕಾಯಿಲೆ, ಸಂಧಿವಾತ ವಾಸಿ ಮಾಡ್ತೀವಿ ಅಂತ, ಅಷ್ಟೇ ಯಾಕೆ ಗಿಡ್ಡ ಇದ್ದೋರನ್ನ ಉದ್ದ ಮಾಡ್ತೀವಿ ಅಂತ್ಲೂ ಔಷಧಿಯ ಜಾಹೀರಾತು ಹಾಕೋ ಹಾಗಿಲ್ಲ. ಅದಕ್ಕೆ ಇವರು ಇದನ್ನ ಔಷಧಿ ಅನ್ನೋದೇ ಇಲ್ಲ, ಆಹಾರ ಅಂತಾರೆ. ಆಹಾರ ಅಂದ್ರೆ ಎಫ್‌ಎಸ್‌ಎಸ್‌ಎಐ, ಅಂದ್ರೆ ಆಹಾರದ ಸುರಕ್ಷತೆ ನೋಡೋ ಸರ್ಕಾರಿ ಸಂಸ್ಥೆ, ಅದರ ರೂಲಿನ ಪ್ರಕಾರ ಆ ಇರುವೆ ಸಾಲು ಹಾಕಲೇಬೇಕು. ಕಸ್ಟಮರ್ ಕೇರಿಗೆ ಫೋನ್ ಮಾಡಿದ್ರೆ ಹುಡುಗಿ ಸಕ್ಕರೆಯಂಥಾ ದನೀಲಿ "ಸರ್, ಅದು ಫುಡ್ ಸಪ್ಲಿಮೆಂಟ್" ಅಂದ್ಲು. ಹಂಗಾದ್ರೆ ಆ ಅಜ್ಜ ಮೆಟ್ಟಿಲು ಹತ್ತಿದ್ದು ಊಟ ಮಾಡಿ ಆಗಿರ್ಬೇಕು.

ಆಯಿ ಮಾರನೇ ದಿನ ಥರ್ಮಾಕೋಲು, ಪ್ಲಾಸ್ಟಿಕ್ಕು ಎಲ್ಲ ಒಯ್ದು ಬಚ್ಚಲ ಒಲೆಗೆ ಹಾಕಿ, ಆ ವಾಸನೆಗೆ ನಾವು ಯಾರೂ ಸಂಜೆವರೆಗೆ ಮೀಯ್ಲಿಲ್ಲ. ಅಪ್ಪಯ್ಯನ್ನ ಕಡೆಗೆ ಡಾಕ್ಟ್ರ ಹತ್ರ ಕರ್ಕೊಂಡು ಹೋದೆ, ಅವರು ಒಂದು ವ್ಯಾಯಾಮ ಹೇಳಿಕೊಟ್ಟು ಐದು ಮಾತ್ರೆ ಬರೆದ್ರು, ಶರ್ಟಿನ ಜೇಬಲ್ಲಿ ಹಿಡೀತು.

ಆ ಜಾಡಿ ಈಗ ಸಾಸಿವೆಗೆ ಆಗಿದೆ. ಮೊನ್ನೆ ಒಗ್ಗರಣೆ ಹಾಕ್ತಾ ಆಯಿ ಅಂದ್ಲು, "ಜಾಡಿ ಅಡ್ಡಿಲ್ಲೆ ಮಾರಾಯಾ, ಇಂಥದ್ದೇ ಇನ್ನೊಂದು ತರ್ಸಿದ್ರೆ ಕೊತ್ತುಂಬ್ರಿಗೆ ಆಗ್ತಿತ್ತು."