ಎಸ್ಟಿಮೇಟಿನಲ್ಲಿ ಆ ಐಟಂ ಯಾಕಿಲ್ಲ?

ಬೆಳಿಗ್ಗೆ ಪಕ್ಕದ ರಸ್ತೆಯಲ್ಲಿ ಒಂದು ಹಳೇ ಮನೆ ಕೆಡವುತ್ತಿದ್ದರು. ನಿಂತು ನೋಡಿದೆ. ಹುಡುಗನೊಬ್ಬ ಕಾಂಕ್ರೀಟ್ ತುಂಡುಗಳನ್ನು ಸುತ್ತಿಗೆಯಿಂದ ಒಡೆದು, ಕಂಬಿ ಬಿಡಿಸಿ, ನೆಟ್ಟಗೆ ಮಾಡಿ ಒಂದು ಕಡೆ ಪೇರಿಸುತ್ತಿದ್ದ. ಕಂಬಿಗೆ ಗುಜರಿಯಲ್ಲಿ ದುಡ್ಡು ಸಿಗುತ್ತದೆ, ಅದಕ್ಕೇ ಅಷ್ಟು ಜೋಪಾನ. ಮಿಕ್ಕ ಇಟ್ಟಿಗೆ, ಗಾರೆ, ಕಾಂಕ್ರೀಟ್ ಎಲ್ಲ ಟಿಪ್ಪರ್‌ಗೆ. ಎಲ್ಲಿಗಪ್ಪಾ ಅಂತ ಡ್ರೈವರ್‌ನ ಕೇಳಿದೆ. "ಕೆರೆ ಹಿಂದೆ ಖಾಲಿ ಜಾಗ ಇದೆ ಸಾರ್" ಅಂದ. ಅವನು ಹೊರಟಿದ್ದೇ ತಡ, ಎದುರಿಂದ ಇನ್ನೊಂದು ಟಿಪ್ಪರ್ ಬಂತು. ಅದರ ತುಂಬ ಕ್ರಷರ್‌ನಿಂದ ಬಂದ ಹೊಸ ಜಲ್ಲಿ. ಆಚೆ ಹೋದ ಆ ಕಾಂಕ್ರೀಟನ್ನೇ ಪುಡಿ ಮಾಡಿದ್ದರೆ ಜಲ್ಲಿ ಆಗುತ್ತಿತ್ತಲ್ಲ! ಮೈಯೆಲ್ಲ ಉರಿದುಹೋಯಿತು.

ಕಾನೂನು ಇಲ್ಲ ಅಂತಲ್ಲ. ಕಟ್ಟಡ ತ್ಯಾಜ್ಯಕ್ಕೆ ಅಂತಲೇ 2016ರಲ್ಲಿ ಕೇಂದ್ರ ನಿಯಮ ತಂದಿತು. ಸರ್ಕಾರಿ ಮತ್ತು ಪಾಲಿಕೆ ಕಾಮಗಾರಿಗಳಲ್ಲಿ ಶೇ. 10ರಿಂದ 20ರಷ್ಟು ಇಂಥ ತ್ಯಾಜ್ಯದಿಂದ ಮಾಡಿದ ಸಾಮಗ್ರಿಯನ್ನೇ ಕೊಳ್ಳಬೇಕು ಅಂತ ಅದರಲ್ಲೇ ಇತ್ತು. 2019ರಲ್ಲಿ ಸಂಪನ್ಮೂಲಗಳ ಸಮರ್ಥ ಬಳಕೆಗೆ ರಾಷ್ಟ್ರೀಯ ನೀತಿಯ ಕರಡೂ ಬಂತು. ಆದರೆ ನಾನು ಇಷ್ಟು ವರ್ಷ ಕಟ್ಟಡ ಕೆಲಸದ ಸೈಟಿನಲ್ಲೇ ಕಳೆದವನು. ನನ್ನ ಕೈಗೆ ಬಂದ ಒಂದೇ ಒಂದು ಸರ್ಕಾರಿ ಎಸ್ಟಿಮೇಟಿನಲ್ಲೂ, ಅಂದರೆ ಕಾಮಗಾರಿಯ ಖರ್ಚಿನ ಅಂದಾಜು ಪಟ್ಟಿಯಲ್ಲೂ, ತ್ಯಾಜ್ಯದಿಂದ ಮಾಡಿದ ಜಲ್ಲಿ ಅನ್ನುವ ಐಟಂ ನೋಡಿಲ್ಲ. ಎಸ್ಟಿಮೇಟಿನಲ್ಲಿ ಐಟಂ ಇಲ್ಲ ಅಂದರೆ ಬಿಲ್ ಆಗಲ್ಲ. ಬಿಲ್ ಆಗದ ಜಲ್ಲಿಯನ್ನು ಯಾವ ಕಂಟ್ರಾಕ್ಟರ್ ತರುತ್ತಾನೆ, ಹೇಳಿ?

ಹಳೇ ಕಾಂಕ್ರೀಟಿನ ಜಲ್ಲಿಗೆ ತಾಕತ್ತಿರಲ್ಲ ಅಂತ ಕೆಲವು ಇಂಜಿನಿಯರ್‌ಗಳು ಹೇಳುತ್ತಾರೆ. ಕಾಂಕ್ರೀಟಿಗೆ ಹಾಕುವ ಜಲ್ಲಿ, ಮರಳು ಹೇಗಿರಬೇಕು ಅಂತ ಹೇಳುವ ಭಾರತೀಯ ಮಾನಕ ಐಎಸ್ 383 ತೆಗೆದು ನೋಡಲಿ. 2016ರಲ್ಲೇ ಅದಕ್ಕೆ ಒಪ್ಪಿಗೆ ಸಿಕ್ಕಿದೆ. ಹಾಕುವ ಜಲ್ಲಿಯಲ್ಲಿ ಕಂಬಿ ಇಲ್ಲದ ಕಾಂಕ್ರೀಟಿಗೆ ಶೇ. 25, ಎಂ25 ದರ್ಜೆವರೆಗಿನ (ಅಂಕಿ ದೊಡ್ಡದಾದಷ್ಟೂ ಕಾಂಕ್ರೀಟ್ ಗಟ್ಟಿ) ಕಂಬಿ ಕಾಂಕ್ರೀಟಿಗೆ ಶೇ. 20ರವರೆಗೆ ಹಳೇದು ಇರಬಹುದು. ಎಂ15ಕ್ಕಿಂತ ಕಡಿಮೆ ದರ್ಜೆಯ ಬೆಡ್ ಕಾಂಕ್ರೀಟಿಗೆ, ಅಂದರೆ ಅಡಿಯಲ್ಲಿ ಹಾಸುವ ಪದರಕ್ಕೆ, ಪೂರ್ತಿ ಅದನ್ನೇ ಹಾಕಬಹುದು. ಚರಂಡಿ, ಫುಟ್‌ಪಾತ್ ಅಡಿಗೆ ಬೀಳುವುದು ಅದೇ ಬೆಡ್ ತಾನೆ? ಅದಕ್ಕೂ ಗುಡ್ಡ ಸಿಡಿಸಬೇಕಾ?

"ಬೆಳೆಯುತ್ತಿರುವ ದೇಶ, ಮೊದಲು ಕಟ್ಟೋಣ, ಉಳಿತಾಯ ಆಮೇಲೆ" ಅಂತ ಇನ್ನೊಂದು ವಾದ. ಈ ಮಾತು ಕೇಳಿದರೆ ನನಗೆ ತಡೆಯಲಾಗಲ್ಲ. ಜಾಸ್ತಿ ಕಟ್ಟುವವನಿಗೇ ಅಲ್ವಾ ಜಾಸ್ತಿ ಜಲ್ಲಿ ಬೇಕಾಗಿರುವುದು? ಎಲ್‌ಇಡಿ ಬಲ್ಬ್ ನೆನಪಿಸಿಕೊಳ್ಳಿ. 2014ರಲ್ಲಿ ಸರ್ಕಾರಿ ಖರೀದಿ ದರ ಒಂದು ಬಲ್ಬಿಗೆ 310 ರೂಪಾಯಿ ಇತ್ತು. ಅಗ್ಗದ ಎಲ್‌ಇಡಿ ಬಲ್ಬ್ ಹಂಚುವ ಕೇಂದ್ರದ ಉಜಾಲಾ ಯೋಜನೆಯಲ್ಲಿ ಕೋಟಿಗಟ್ಟಲೆ ಕೊಂಡರು, 2016ರ ಹೊತ್ತಿಗೆ 38ಕ್ಕೆ ಇಳಿಯಿತು. ಸುಮ್ನೆ ಭಾಷಣ ಮಾಡಿದ್ದರೆ ಇಳಿಯುತ್ತಿತ್ತಾ? ಸರ್ಕಾರ ತಾನೇ ಕೊಂಡಿತು, ಅದಕ್ಕೇ ಇಳಿಯಿತು. ಹಳೇ ಕಾಂಕ್ರೀಟಿನ ಜಲ್ಲಿಗೂ ಮೊದಲು ಸರ್ಕಾರವೇ ಗಿರಾಕಿ ಆಗಬೇಕು.

ಒಂದು ಒಪ್ಪಿಕೊಳ್ಳಬೇಕು. ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ನಾನೇ ನಿಂತು ರಾತ್ರಿ ಎಂಟು ಲೋಡ್ ಕಟ್ಟಡ ತ್ಯಾಜ್ಯ ಹಳ್ಳಕ್ಕೆ ಸುರಿಸಿದ್ದೇನೆ. ಹತ್ತಿರದಲ್ಲಿ ಕೊಡುವ ಜಾಗ ಇರಲಿಲ್ಲ, ಕೊಂಡುಕೊಳ್ಳುವವರೂ ಇರಲಿಲ್ಲ. ಆ ಹಳ್ಳದ ದಾರಿಯಲ್ಲಿ ಈಗಲೂ ಹೋಗಲು ಮನಸ್ಸಾಗುವುದಿಲ್ಲ.

ನಮ್ಮ ವಾರ್ಡಿನಲ್ಲಿ ಹೊಸ ಚರಂಡಿ ಕೆಲಸ ಶುರುವಾಗುತ್ತಿದೆ. ಅದರ ಎಸ್ಟಿಮೇಟ್ ಪ್ರತಿ ಕೇಳಿ ಸೋಮವಾರ ಆರ್‌ಟಿಐ ಅರ್ಜಿ ಹಾಕುತ್ತೇನೆ. ಬಂದ ಮೇಲೆ ಇಲ್ಲೇ ಹಾಕುತ್ತೇನೆ, ಆ ಐಟಂ ಇದೆಯಾ ಅಂತ ನೀವೂ ನೋಡಿ.