ಹೆಪ್ಪು ತೊಳೆದ ಕಥೆ

ಇವತ್ತು ಬೆಳಿಗ್ಗೆ ಆರೂವರೆಗೆ ಕಾಫಿ ಲೋಟ ಹಿಡಿದು ಬಾಲ್ಕನಿಗೆ ಹೋದೆ. ಬಟ್ಟೆ ಒಣಹಾಕುವ ತಂತಿಯ ಮೇಲೆ ಗಂಡನ ಬನಿಯನ್, ಮಗಳ ಯೂನಿಫಾರ್ಮ್, ಎರಡು ಟವೆಲ್. ಅವುಗಳ ನಡುವೆ ಎರಡು ಕ್ಲಿಪ್ ಹಾಕಿಸಿಕೊಂಡು ನಮ್ಮ ಫಿಶ್ ಟ್ಯಾಂಕಿನ ಫಿಲ್ಟರ್ ಸ್ಪಾಂಜು ನೇತಾಡುತ್ತಿತ್ತು. ಅದರ ಬಣ್ಣ ನೀಲಿ ಅನ್ನೋದೇ ನನಗೆ ಮರೆತುಹೋಗಿತ್ತು. ಇವತ್ತು ಮತ್ತೆ ಗೊತ್ತಾಯಿತು.

"ಗಬ್ಬು ವಾಸನೆ ಹೊಡೀತಿತ್ತಮ್ಮ," ಅಂದರು ಹಿಂದಿನಿಂದ ಮಾವ. "ಸೋಪು ಹಾಕಿಲ್ಲ. ಅಷ್ಟು ನಂಗೂ ಗೊತ್ತು. ಬರೀ ಸೋಲಾರ್ ಬಿಸಿನೀರಲ್ಲಿ ನಾಲ್ಕು ಸಲ ಜಾಲಿಸಿದೆ."

ಗಂಡ ಈ ಕೆಲಸ ಮಾಡಿದ್ದರೆ ಪಕ್ಕದ ಬೀದಿಗೂ ಕೇಳಿಸುತ್ತಿತ್ತು. ಮಾವನಿಗೆ ಬೈಯೋಕಾಗುತ್ತಾ? "ಒಳ್ಳೇದಾಯ್ತು ಬಿಡಿ ಮಾವ" ಅಂದೆ. ಕಾಫಿ ಒಳಗಿಳಿಯಲಿಲ್ಲ.

ನಮ್ಮ ಮಾವನ ತೊಳೆಯುವ ಹವ್ಯಾಸದ ಬಗ್ಗೆ ಸ್ವಲ್ಪ ಹೇಳಲೇಬೇಕು. ರಿಟೈರಾದವರು ಕೆಲವರು ವಾಕಿಂಗ್ ಹೋಗುತ್ತಾರೆ, ಕೆಲವರು ಸುಡೊಕು ಮಾಡುತ್ತಾರೆ. ಇವರು ನಾಲ್ಕೂವರೆಗೆ ಎದ್ದು ತೊಳೆಯುತ್ತಾರೆ. ಕುಕ್ಕರ್ ಗ್ಯಾಸ್ಕೆಟ್ ತೊಳೆಯುತ್ತಾರೆ. ಹಾಲಿನ ಪ್ಯಾಕೆಟ್ ತೊಳೆಯುತ್ತಾರೆ, ಸರಿ. ಹಾಲು ಕಾಸಿದ ಮೇಲೆ ಕಸಕ್ಕೆ ಹಾಕುವ ಮುಂಚೆ ಅದೇ ಪ್ಯಾಕೆಟನ್ನು ಇನ್ನೊಮ್ಮೆ ತೊಳೆಯುತ್ತಾರೆ. ಹೊಸ ಪೊರಕೆ ತಂದರೆ ಅದಕ್ಕೂ ಸ್ನಾನ. ಒಂದು ದಿನ ಬಚ್ಚಲಲ್ಲಿ ಸೋಪನ್ನೇ ತೊಳೆಯುತ್ತಿದ್ದರು. ಯಾಕೆ ಅಂತ ಕೇಳಿದ್ದಕ್ಕೆ "ಮೇಲೆ ಕೂದಲು ಅಂಟಿತ್ತು" ಅಂದರು. ಕೊರೊನಾ ಬಂದಾಗ ಊರೆಲ್ಲ ತರಕಾರಿ ತೊಳೆಯೋದು ಕಲಿಯಿತಲ್ಲ, ಆಗಲೇ ಇವರು ಈ ವಿದ್ಯೆಯಲ್ಲಿ ಸೀನಿಯರ್. ಟೀವಿ ರಿಮೋಟು ಇದೇ ಪ್ರೀತಿಯಲ್ಲಿ ಹೋಯಿತು.

ಇಂಥ ಮನೆಗೆ ನಾನು ಎರಡಡಿಯ ಫಿಶ್ ಟ್ಯಾಂಕ್ ತಂದಿಟ್ಟೆ. ತಪ್ಪು ನನ್ನದೇ.

ಮೊದಲ ತಿಂಗಳಲ್ಲೇ ಒಂದು ಶುಕ್ರವಾರ ಮನೆ ಸಾರಿಸುವ ಜೊತೆಗೆ ಟ್ಯಾಂಕಿಗೂ ಮಂಗಳಸ್ನಾನ ಆಯಿತು. ಅಷ್ಟೂ ನೀರು ಚೆಲ್ಲಿ, ಆಗತಾನೇ ಬಂದ ಕಾವೇರಿ ನೀರು ತುಂಬಿಸಿದ್ದರು. ಈ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಸುಮಾರು 100 ಕಿಲೋಮೀಟರ್ ದಾರಿ ಹತ್ತಿ ಬೆಂಗಳೂರಿಗೆ ಬರುತ್ತದೆ. ಅಷ್ಟು ದೂರ ಕೆಡದೆ ಬರಲಿ ಅಂತ ಅದರಲ್ಲಿ ಕ್ಲೋರಿನ್ ಇರುತ್ತದೆ. ನಮಗೆ ಅದು ಕ್ಷೇಮ, ಮೀನಿನ ಕಿವಿರಿಗೆ ಉರಿ. ಬಕೆಟ್‌ನಲ್ಲಿ ಒಂದು ದಿನ ಬಿಟ್ಟು ಹಾಕಬೇಕು. ಇಲ್ಲದಿದ್ದರೆ ಮೀನಿನ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹನಿ ಬಿಡಬೇಕು. ಅವತ್ತು ಸಂಜೆಗೆ ನಾಲ್ಕು ಗಪ್ಪಿ ಹೋದವು. ಮಾವ ರಾತ್ರಿ ಊಟ ಮಾಡಲಿಲ್ಲ. ಮಾರನೇ ದಿನ ಸತ್ತ ಮೀನು ಎತ್ತಿದ ಜಾಲರಿಯನ್ನು ಮೂರು ಸಲ ತೊಳೆದರು.

ಅಲ್ಲಿಂದ ಒಪ್ಪಂದವಾಯಿತು. ಭಾನುವಾರಕ್ಕೊಮ್ಮೆ ಕಾಲು ಭಾಗ ನೀರು ಮಾತ್ರ ಬದಲಿಸೋದು, ಅದೂ ನಾನೇ. ಮಾವ ಗಾಜಿನ ಹೊರಗಡೆ ಎಷ್ಟು ಬೇಕಾದರೂ ಒರೆಸಬಹುದು. ಆದರೆ ಸ್ಪಾಂಜಿನ ವಿಷಯ ಒಪ್ಪಂದದಲ್ಲಿ ಬಂದಿರಲಿಲ್ಲ. ವಕೀಲರು ಸುಮ್ನೆ ಫೀಸು ತಗೊಳ್ಳಲ್ಲ ಅನ್ನೋದು ಇದಕ್ಕೇ.

ತಿಂಡಿ ಹೊತ್ತಿಗೆ ಟೆಸ್ಟ್ ಕಿಟ್ ತಂದು, ಕೊಳವೆಗೆ ಐದು ಎಂ.ಎಲ್. ನೀರು ಹಾಕಿ ಹನಿ ಬಿಟ್ಟೆ. ಇನ್ನೂ ಹಳದಿ. ಅಂದರೆ ಅಮೋನಿಯಾ ಇಲ್ಲ. ಮಾವನಿಗೆ ಖುಷಿ. "ನೋಡು, ಕ್ಲೀನಾಗಿದೆ!" ಇವತ್ತು ಹಳದಿ ಮಾವ, ನಾಳೆ ನಾಡಿದ್ದು ಹಸಿರಾಗುತ್ತೆ ಅಂದೆ. ಹೇಗೆ ಅಂದರು. ಹೇಳಲು ಕೂತೆ. ಮೀನು ಉಸಿರಾಡಿದರೂ ಅಮೋನಿಯಾ, ಕಕ್ಕಸು ಮಾಡಿದರೂ ಅಮೋನಿಯಾ, ತಿನ್ನದೆ ಬಿಟ್ಟ ಕಾಳು ಕೊಳೆತರೂ ಅಮೋನಿಯಾ. ಅದು ಮೀನಿಗೆ ವಿಷ. ಸ್ಪಾಂಜಿನಲ್ಲಿ ಕೂತ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಜಾತಿಯವು ಅದನ್ನು ನೈಟ್ರೇಟ್ ಮಾಡುತ್ತವೆ. ಅದು ಅಷ್ಟು ಕೆಟ್ಟದ್ದಲ್ಲ, ಭಾನುವಾರ ನೀರು ಬದಲಿಸಿದಾಗ ಹೊರಗೆ ಹೋಗುತ್ತದೆ. ಈ ಬ್ಯಾಕ್ಟೀರಿಯಾ ಬೆಳೆದು ಸಂಸಾರ ಹೂಡಲು ನಾಲ್ಕರಿಂದ ಆರು ವಾರ ಬೇಕು...

ಮಾವನ ಕಣ್ಣು ಅಷ್ಟರಲ್ಲಿ ಟೇಬಲ್ ಮೇಲಿನ ಒಂದು ಕಲೆಯ ಮೇಲಿತ್ತು.

"ಹೆಪ್ಪು, ಮಾವ," ಅಂದೆ ಕೊನೆಗೆ. "ಆ ಸ್ಪಾಂಜಲ್ಲಿ ಇದ್ದದ್ದು ಹೆಪ್ಪು."

ಕಲೆಯಿಂದ ಕಣ್ಣು ಎದ್ದಿತು. "ಅಯ್ಯೋ. ಹೆಪ್ಪಿನ ಬಟ್ಟಲು ಬೆಳಗಿಟ್ಟೆ ಅನ್ನು."

"ಹೂಂ. ಬಿಸಿನೀರಲ್ಲಿ."

"ಮೊದಲೇ ಹೀಗೆ ಹೇಳೋಕೇನಾಗಿತ್ತು? ಅಮೋನಿಯಾ ಗಿಮೋನಿಯಾ ಅಂತೀಯ."

ಆಮೇಲೆ ತಾವಾಗಿಯೇ ಮಾತಾಡಿದರು. ತಿಪಟೂರಿನ ಹತ್ತಿರ ಅವರ ಊರ ಮನೆಯ ಬಾವಿಯಲ್ಲಿ ಮೀನು ಬಿಟ್ಟಿದ್ದರಂತೆ, ಸೊಳ್ಳೆ ಮರಿ ತಿನ್ನಲಿ ಅಂತ. ಬಾವಿಯ ಗೋಡೆಯೆಲ್ಲ ಪಾಚಿ. ಅದನ್ನು ಯಾರೂ ಉಜ್ಜುತ್ತಿರಲಿಲ್ಲ. ಬೇಸಿಗೆಯಲ್ಲಿ ಒಮ್ಮೆ ಇಳಿದು ಕೆಸರು ಎತ್ತುವಾಗ ಮೀನನ್ನು ಬಾವಿ ನೀರಿನದೇ ಕೊಡದಲ್ಲಿ ಇಡೋದು. ಮೇಲೆ ಕೂತು ಕೊಡಕ್ಕೆ ಕಾಗೆ ಬಾಯಿ ಹಾಕದಂತೆ ಕಾಯೋದು ನಮ್ಮತ್ತೆಯ ಕೆಲಸ. ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಅವರಿಗೆ ಸಿಕ್ಕಿದ ಮೊದಲ ಅಧಿಕಾರ ಅದಂತೆ. "ಅವಳು ಕೊಡದ ಮುಂದೆ ಪೊಲೀಸ್ ಥರ ಕೂರೋಳು," ಅಂದರು. ಸುತ್ತ ತೋಟಗಳಲ್ಲಿ ಬೋರು ಬಿದ್ದ ಮೇಲೆ ಬಾವಿ ಬತ್ತಿತು. ಮೀನು ಏನಾದವು ಅಂತ ನಾನು ಕೇಳಲಿಲ್ಲ. ಅತ್ತೆ ಹೋಗಿ ಎಷ್ಟೋ ವರ್ಷ. ಮಾವ ನಲ್ಲಿ ತಿರುಗಿಸಿ ಪಾತ್ರೆಗೆ ಕೈ ಹಾಕಿದ್ದು ಅದಾದ ಮೇಲೆಯೇ. ಅಲ್ಲಿಯವರೆಗೆ ಅವರು ಕುಡಿದ ಲೋಟವನ್ನೂ ಎತ್ತಿಟ್ಟವರಲ್ಲ.

ಸರಿ, ಈಗ ಹೆಪ್ಪಿಗೇನು ಮಾಡೋದು? ಮೊಸರಿಗೆ ಮಾಡುವುದೇ. ಎರಡನೇ ಮಹಡಿಯವರ ಮನೆಯಲ್ಲೂ ಟ್ಯಾಂಕಿದೆ, ಅವರ ಮೀನು ಗಟ್ಟಿಮುಟ್ಟಾಗಿವೆ. ಹೋಗಿ ಕೇಳಿಕೊಂಡು ಬನ್ನಿ ಅಂದೆ. ಮಾವ ಶರ್ಟ್ ಹಾಕಿಕೊಂಡು, ತಲೆ ಬಾಚಿಕೊಂಡು ಹೊರಟರು. ನಾನು ಮೆಟ್ಟಿಲ ಬಳಿ ನಿಂತು ಕೇಳಿಸಿಕೊಂಡೆ.

"ನಿಮ್ಮ ಮನೇಲಿ ಸ್ವಲ್ಪ ಗಲೀಜು ಇದೆಯೇನಮ್ಮ?"

ಮೇಲಿನ ಮನೆಯಾಕೆ ಎಷ್ಟು ಹೊತ್ತು ಸುಮ್ಮನಿದ್ದರು ಅಂತ ನಾನು ಎಣಿಸಲಿಲ್ಲ. ಬಾಗಿಲು ಹಾಕದೆ ಇದ್ದದ್ದು ಅವರ ದೊಡ್ಡತನ. "ಗಲೀಜಾ?" ಅಂದರು. "ಹೂಂ, ಹಳೇದಿದ್ದಷ್ಟೂ ಒಳ್ಳೇದು," ಅಂದರು ಮಾವ. ಇನ್ನು ತಡ ಮಾಡಿದರೆ ನಮ್ಮ ಮರ್ಯಾದೆ ಎರಡನೇ ಮಹಡಿಯಿಂದ ಕೆಳಗೆ ಬೀಳುತ್ತದೆ ಅಂತ ಓಡಿ ಹೋಗಿ ವಿವರಿಸಿದೆ. ಪುಣ್ಯಾತ್ಗಿತ್ತಿ ನಕ್ಕು, ತಮ್ಮ ಸ್ಪಾಂಜಿನ ಒಂದು ತುಂಡು ಕತ್ತರಿಸಿ, ಅವರ ಟ್ಯಾಂಕಿನ ನೀರಲ್ಲೇ ಅದ್ದಿ, ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮುಚ್ಚಿ ಕೊಟ್ಟರು. ಮಾವ ಅದನ್ನು ಎರಡು ಕೈಯಲ್ಲಿ ತೀರ್ಥದ ಥರ ಹಿಡಿದು ಇಳಿದರು.

ತುಂಡನ್ನು ನಮ್ಮ ನೀಲಿ ಸ್ಪಾಂಜಿಗೆ ಒತ್ತಿ ಫಿಲ್ಟರಿಗೆ ಕೂರಿಸಿದೆವು. ಇನ್ನು ಒಂದು ವಾರ ದಿನಾ ಟೆಸ್ಟು. ಹಸಿರು ಕಂಡರೆ ಅವತ್ತೇ ಕಾಲು ಭಾಗ ನೀರು ಬದಲು. ಎರಡು ದಿನ ಕಾಳು ಬಂದ್, ತಿಂದಷ್ಟೂ ಅಮೋನಿಯಾ ಜಾಸ್ತಿ.

"ಪಾಪ, ಏಕಾದಶಿ ನಿನ್ನೆ ತಾನೇ ಮುಗೀತಲ್ಲಮ್ಮ," ಅಂದರು ಮಾವ. ಎರಡು ದಿನಕ್ಕೆ ಏನೂ ಆಗಲ್ಲ ಅಂದೆ. ಬ್ಲ್ಯಾಕ್ ಮೋಲಿಯೊಂದು ಗಾಜಿಗೆ ಮೂತಿ ಒತ್ತಿ ನನ್ನನ್ನೇ ನೋಡುತ್ತಿತ್ತು.

ಈಗ ಸಂಜೆ. ಅಡುಗೆಮನೆಯಲ್ಲಿ ನೀರಿನ ಸದ್ದು. ಮೇಲಿನ ಮನೆಯವರ ಡಬ್ಬಿ ಐದನೇ ಸಲ ತೊಳೆಸಿಕೊಳ್ಳುತ್ತಿದೆ. ಖಾಲಿ ಡಬ್ಬಿ ವಾಪಸ್ ಕೊಡಬಾರದಂತೆ, ಅದರಲ್ಲಿ ಏನು ಹಾಕಿ ಕೊಡೋಣ ಅಂತ ಕೇಳುತ್ತಿದ್ದಾರೆ. ಗಲೀಜು ಕೊಟ್ಟವರಿಗೆ ಕೋಡುಬಳೆ ಸಾಕಾ, ಸಿಹಿ ಬೇಕಾ?