ಅಲಾಸ್ಕಾ ಕ್ರೂಸ್‌ಗೆ ದಪ್ಪ ಕೋಟು ಒಂದೇ ಸಾಕೇ?

"ಒಳಗೆ ಹತ್ತಿ ಬಟ್ಟೆ, ಮೇಲೊಂದು ದಪ್ಪ ಕೋಟು ಇದ್ದರೆ ಅಲಾಸ್ಕಾದ ಚಳಿ ತಟ್ಟುವುದಿಲ್ಲ" ಎಂಬ ಅರ್ಥದ ಸಂದೇಶ ಪ್ರವಾಸದ ಕಾಲ ಬಂದಾಗಲೆಲ್ಲ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತದೆ. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗಿ ಸಿಯಾಟಲ್‌ನಲ್ಲಿ ಹಡಗು ಹತ್ತುವ ನಮ್ಮ ಹಿರಿಯರಿಗೆ ಇದನ್ನು ಕಾಳಜಿಯಿಂದಲೇ ಕಳಿಸುತ್ತಾರೆ. ಆದರೂ ಸಲಹೆ ತಪ್ಪು.

ಜುಲೈನಲ್ಲಿ ಅಲಾಸ್ಕಾದ ಜೂನೋ ಪಟ್ಟಣದ ಹಗಲಿನ ಉಷ್ಣಾಂಶ ಸರಾಸರಿ 17–18 ಡಿಗ್ರಿ ಸೆಲ್ಸಿಯಸ್. ಅಲ್ಲಿ ಕಾಡುವುದು ಹಿಮವಲ್ಲ, ಮಳೆ. ಅಲಾಸ್ಕಾದ ಇನ್ನೊಂದು ಪಟ್ಟಣ ಕೆಚಿಕಾನ್‌ನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಸುರಿಯುತ್ತದೆ. ದಪ್ಪ ಕೋಟು ತೊಟ್ಟು ಏರು ದಾರಿ ಹತ್ತಿದರೆ ಬೆವರುತ್ತೀರಿ. ಹತ್ತಿ ಬನಿಯನ್ ಆ ಬೆವರು ಹೀರಿ ಬೆನ್ನಿಗಂಟುತ್ತದೆ. ನಮ್ಮನ್ನು ಬೆಚ್ಚಗಿಡುವುದು ಎಳೆಗಳ ನಡುವೆ ನಿಂತ ಗಾಳಿ. ಅದರ ಜಾಗಕ್ಕೆ ನೀರು ಬಂದರೆ, ಮೈಶಾಖ 20 ಪಟ್ಟಿಗೂ ಹೆಚ್ಚು ಸುಲಭವಾಗಿ ಹರಿದುಹೋಗುತ್ತದೆ. ಆಮೇಲೆ ಹಿಮನದಿ ನೋಡಲು ಡೆಕ್ ಮೇಲೆ ಗಾಳಿಗೆ ನಿಂತರೆ ನಡುಕ ಹುಟ್ಟದೆ ಇರುತ್ತದೆಯೇ?

ಮನೆಯಲ್ಲೇ ಪರೀಕ್ಷಿಸಿ. ಒಂದು ಹತ್ತಿ ಟೀ ಶರ್ಟ್, ಒಂದು ತೆಳು ಪಾಲಿಯೆಸ್ಟರ್ ಟೀ ಶರ್ಟ್ ನೆನೆಸಿ, ಹಿಂಡಿ, ನೆರಳಲ್ಲಿ ಹರವಿ. ಒಂದೆರಡು ಗಂಟೆ ಬಿಟ್ಟು ಕಂಕುಳ ಹೊಲಿಗೆ ಮುಟ್ಟಿ ನೋಡಿ, ಹತ್ತಿಯದು ಇನ್ನೂ ತಣ್ಣಗಿರುತ್ತದೆ. ಹವೆಯ ಬಗ್ಗೆ ಏನೇ ಸಂದೇಶ ಬಂದರೂ ಯಾವ ಊರು, ಯಾವ ತಿಂಗಳು ಎಂದು ಬರೆದಿದೆಯೇ ಗಮನಿಸಿ. ಅಲ್ಲಿನ ಸರ್ಕಾರಿ ಹವಾಮಾನ ಜಾಲತಾಣದಲ್ಲಿ ಆ ತಿಂಗಳ ಸರಾಸರಿಯೊಂದಿಗೆ ಹೋಲಿಸಿ.

ಮೈಗೆ ಉಣ್ಣೆಯ ಅಥವಾ ಪಾಲಿಯೆಸ್ಟರ್ ಒಳಂಗಿ, ಅದರ ಮೇಲೆ ಸ್ವೆಟರ್, ಎಲ್ಲಕ್ಕೂ ಹೊರಗೆ ಟೊಪ್ಪಿಯಿರುವ ಮಳೆ ಜಾಕೆಟ್ ಇಟ್ಟುಕೊಳ್ಳಿ. ಅಮ್ಮನ ಹತ್ತಿ ಸೀರೆಯೂ ಬರಲಿ, ಹಡಗಿನೊಳಗಿನ ಊಟಕ್ಕೆ.